ಟ್ರೇಲರಿನ ಬ್ರೇಕು ಕದ್ದವರು ಯಾರು

ಮಸ್ಕಿಯ ಶಿವಶರಣಪ್ಪಗೌಡರು ಅಂದು ಬೆಳಗ್ಗೆ ಪಡಸಾಲೆಯ ನಡುವೆ ನಿಂತು, ರುಮಾಲು ಸರಿಮಾಡಿಕೊಂಡು, ಒಂದು ಘೋಷಣೆ ಮಾಡಿದರು. ತಮ್ಮ ಟ್ರೇಲರಿನ ಬ್ರೇಕನ್ನು ಪದೇ ಪದೇ ಕೆಡಿಸುತ್ತಿರುವ ಗುನ್ಹೇಗಾರನನ್ನು ಅವರು ಹಿಡಿಯಲಿದ್ದಾರೆ. ಪೊಲೀಸರಿಗೆ ಹೇಳುವುದಿಲ್ಲ, ಶಾಸ್ತ್ರ ಹೇಳುವವರನ್ನು ಕೇಳುವುದಿಲ್ಲ. ತಾವೇ, ತಮ್ಮ ಒಂದು ತಲೆಯಿಂದಲೇ, ಮೂರು ದಿನದೊಳಗೆ ಹಿಡಿಯಲಿದ್ದಾರೆ.

ಕೇಳಿಸಿಕೊಂಡವರು ಮೂರು ಮಂದಿ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕಸ್ತೂರೆಮ್ಮ, ಅಂಗಳ ಗುಡಿಸುವ ಗ್ಯಾನಮ್ಮ, ಮತ್ತೆ ಕಸ್ತೂರೆಮ್ಮನ ತಮ್ಮ ಅಮರಗುಂಡಪ್ಪ. ಅಮರಗುಂಡಪ್ಪ ಗೌಡರ ಜೀಪು ಓಡಿಸುವವನು. ಆ ಮನೆಯಲ್ಲಿ ಜೀಪು ಓಡಿಸಲು ಬರುತ್ತಿದ್ದದ್ದು ಅವನೊಬ್ಬನಿಗೇ.

“ಮೂರು ದಿನಾ ಯಾಕ ಬೇಕ್ರಿ?” ಎಂದು ಕಸ್ತೂರೆಮ್ಮ ರೊಟ್ಟಿಯಿಂದ ಕಣ್ಣೆತ್ತದೆ ಕೇಳಿದರು. “ಮನ್ಯಾಗ ಇರೋರು ನಾಲ್ಕು ಮಂದಿ. ಕುಂತು ಎಣಿಸಿದ್ರ ಮುಗೀತೈತಿ.”

“ಮೂರು ಮಂದಿ,” ಎಂದು ಗೌಡರು ತಿದ್ದಿದರು. ತಮ್ಮನ್ನು ಅವರು ಎಣಿಕೆಗೆ ಹಿಡಿದಿರಲಿಲ್ಲ.

ಶಕ್, ಅಂದರೆ ಸಂಶಯ, ಗೌಡರಿಗೆ ಹುಟ್ಟುಗುಣ. ಹಾಲು ತೆಳ್ಳಗಾದರೆ ಮೊದಲು ಎಮ್ಮೆಯ ಮುಖ ನೋಡುತ್ತಿದ್ದರು. ಸಂತೆಯಲ್ಲಿ ಯಾರಾದರೂ ಬಹಳ ನಯವಾಗಿ ಮಾತಾಡಿದರೆ ಅಲ್ಲಿ ಕೊಳ್ಳುತ್ತಿರಲಿಲ್ಲ, ಒರಟಾಗಿ ಮಾತಾಡಿದರೂ ಕೊಳ್ಳುತ್ತಿರಲಿಲ್ಲ. ಪಡಸಾಲೆಯ ಗೋಡೆಗೆ ಎರಡು ಗಡಿಯಾರ ತೂಗುಹಾಕಿದ್ದರು, ಒಂದರ ಮೇಲೆ ಇನ್ನೊಂದು ಕಣ್ಣಿಟ್ಟಿರಲಿ ಎಂದು. ಎರಡೂ ಬೇರೆ ಬೇರೆ ಹೊತ್ತು ತೋರಿಸುತ್ತಿದ್ದರಿಂದ ಗೌಡರಿಗೆ ಎರಡರ ಮೇಲೂ ನಂಬಿಕೆ ಇರಲಿಲ್ಲ.

ಇದು ಐವತ್ನಾಲ್ಕನೆಯ ಇಸವಿಯ ಮಾತು. ತುಂಗಭದ್ರೆಯ ಕಾಲುವೆ ಸಿಂಧನೂರಿನ ಕಡೆ ಬರುತ್ತದೆ ಎಂದು ಊರೂರಲ್ಲಿ ಸುದ್ದಿ. ಗೌಡರು ಗೊರೇಬಾಳದ ತಮ್ಮ ಹೊಲದಲ್ಲಿ ಒಂದು ಕಲ್ಲಿನ ಮನೆ ಎಬ್ಬಿಸತೊಡಗಿದ್ದರು. ಮಸ್ಕಿಯಿಂದ ಅಲ್ಲಿಗೆ ಕಲ್ಲುಚಪ್ಪಡಿ ಸಾಗಿಸಲು ಸಿಕಂದರಾಬಾದಿನ ಮಿಲ್ಟ್ರಿ ಹರಾಜಿನಲ್ಲಿ ಒಂದು ಹಳೆಯ ಜೀಪನ್ನೂ ಅದರ ಹಿಂದೆ ಕಟ್ಟುವ ಟ್ರೇಲರನ್ನೂ ಹಿಡಿದುಕೊಂಡು ಬಂದರು. ಟ್ರೇಲರಿನ ಗಾಲಿಗಳೊಳಗೆ ಕರೆಂಟಿನ ಬ್ರೇಕು. ಜೀಪಿನಲ್ಲಿ ಕುಳಿತು ಬ್ರೇಕು ತುಳಿದರೆ ತಂತಿಯೊಳಗೆ ಕರೆಂಟು ಓಡಿ, ಹಿಂದಿನ ಟ್ರೇಲರಿನ ಗಾಲಿಯೂ ಬಿಗಿಯಬೇಕು, ಅದರ ಬೆನ್ನಿನ ಕೆಂಪು ದೀಪವೂ ಹತ್ತಬೇಕು. ಗೌಡರ ಮನೆಗೇ ಇನ್ನೂ ಕರೆಂಟು ಬಂದಿರಲಿಲ್ಲ, ಗಾಡಿಗೆ ಬಂದಿತ್ತು. ಈ ಮಾತನ್ನು ಗೌಡರು ಬಂದವರಿಗೆಲ್ಲ ಹೇಳುತ್ತಿದ್ದರು, ಹೇಳಿದ ಮೇಲೆ ಅವರ ಮುಖದಲ್ಲಿ ಹೊಟ್ಟೆಕಿಚ್ಚು ಎಷ್ಟಿದೆ ಎಂದು ನೋಡುತ್ತಿದ್ದರು.

ಗೌಡರ ಮನೆತನದಲ್ಲಿ ಗಾಡಿಯ ವಿಷಯಕ್ಕೆ ಒಂದು ದಸ್ತೂರು ಇತ್ತು. ಊರು ದಾಟುವ ಗಾಡಿಗೆ ಯಜಮಾನನೇ ಕೈಯಾರೆ ಕೀಲೆಣ್ಣೆ ಹಚ್ಚಬೇಕು. ಎತ್ತು ಏಳುವ ಮುಂಚೆ ಹಚ್ಚಬೇಕು, ಹಚ್ಚುವಾಗ ತುಟಿ ಬಿಚ್ಚಬಾರದು, ಹಚ್ಚಿದ ಮೇಲೆ ಅದರ ಸುದ್ದಿ ಎತ್ತಬಾರದು. ಆಳಿನ ಕೈಗೆ ಬಿಟ್ಟರೆ ಅರ್ಧ ಎಣ್ಣೆ ಅವನ ಗಾಡಿಗೆ ಹೋದೀತೆಂಬ ಶಕ್ಕಿನಿಂದ ಗೌಡರ ಅಜ್ಜ ಮಾಡಿಟ್ಟ ಪದ್ಧತಿಯಂತೆ. ಔಡಲ ಎಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಹಿತ್ತಲ ಬಾಗಿಲ ಹಿಂದೆ ಜೋತುಹಾಕಿರುತ್ತಿದ್ದರು. ಜೀಪು ಬಂದಾಗ ಗೌಡರಿಗೆ ಒಂದೇ ಕೊರಗು. ಗಾಲಿಗಳಿಗೆಲ್ಲ ಕಬ್ಬಿಣದ ಮುಚ್ಚಳ, ಎಣ್ಣೆ ಹಚ್ಚಲು ಜಾಗವೇ ಇಲ್ಲ. ಕೊನೆಗೆ ಜೀಪಿಗೂ ಟ್ರೇಲರಿಗೂ ಗಂಟುಹಾಕುವ ಕಬ್ಬಿಣದ ಕೊಂಡಿ ಕಣ್ಣಿಗೆ ಬಿತ್ತು. ಅಲುಗಾಡಿಸಿದರೆ ಕಿರ್ ಎಂದಿತು. ಗೌಡರ ಜೀವ ತಣ್ಣಗಾಯಿತು. ಅಂದಿನಿಂದ ಪ್ರಯಾಣದ ದಿನ ನಸುಕಿನಲ್ಲಿ, ಹೋಳಿಗೆಗೆ ಹೂರಣ ತುಂಬುವ ಹಾಗೆ, ಕೊಂಡಿಯ ತುಂಬ ಕೀಲೆಣ್ಣೆ ತುಂಬತೊಡಗಿದರು.

ಸಿಕಂದರಾಬಾದಿನಿಂದ ಮಸ್ಕಿಯವರೆಗೆ ಬ್ರೇಕು ಚೆನ್ನಾಗಿತ್ತು. ಮೋಸ ಶುರುವಾದದ್ದು ಮಸ್ಕಿ ಬಿಟ್ಟ ಮೊದಲ ದಿನ, ಊರ ಹಳ್ಳದ ಇಳಿಜಾರಿನಲ್ಲಿ. ಅಮರಗುಂಡಪ್ಪ ಬ್ರೇಕು ತುಳಿದ. ಜೀಪು ನಿಲ್ಲಲು ನೋಡಿತು, ಹಿಂದಿನ ಟ್ರೇಲರು ಒಪ್ಪಲಿಲ್ಲ. ಇಪ್ಪತ್ತು ಚಪ್ಪಡಿಯ ಭಾರದಿಂದ ಜೀಪಿನ ಬೆನ್ನಿಗೆ ಗುದ್ದಿ ನೂಕಿಕೊಂಡು ಹೋಗಿ ನೇರ ಹಳ್ಳದ ನಡುನೀರಿಗೆ ನಿಲ್ಲಿಸಿತು. ಇಸ್ತ್ರಿಯ ಧೋತರದ ಗೌಡರು ಸೊಂಟದ ಮಟ್ಟ ನೀರಿನಲ್ಲಿ ಕುಳಿತೇ ಇದ್ದರು. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಆದೆಮ್ಮ ನೋಡಿ ಕೈಯೊಳಗಿನ ಸೀರೆ ಬಿಟ್ಟಳು.

“ಗೌಡ್ರ, ಧೋತ್ರ ಕಳಿಸಿದ್ರ ಸಾಕಾಗಿತ್ತು. ನೀವ ಯಾಕ ಬಂದ್ರಿ?”

ಎತ್ತು ಕಟ್ಟಿ ಎಳೆಸಿ ಮುಂದೆ ಹೋದರು. ಆಚೆ ದಾರಿಯ ತುಂಬ ಗುಂಡಿ. ಕುರಿಯೊಂದು ಅಡ್ಡ ಬಂತೆಂದು ಅಮರಗುಂಡಪ್ಪ ಮೆಲ್ಲಗೆ ಬ್ರೇಕಿನ ಮೇಲೆ ಕಾಲಿಟ್ಟ, ಅಷ್ಟೇ. ಈ ಸಲ ಟ್ರೇಲರು ಗಪ್ಪನೆ ಹಿಡಿದು ನಿಂತಿತು. ಗೌಡರ ರುಮಾಲು ಜೋಳದ ಹೊಲದಲ್ಲಿ ಹೋಗಿ ಬಿತ್ತು.

“ಮಾವ, ಎಲ್ಲೋ ತಂತಿ ಸಡಲ ಆಗಿರಬೇಕು,” ಎಂದ ಅಮರಗುಂಡಪ್ಪ. ಅಕ್ಕನ ಗಂಡನನ್ನು ಅವನು ಮಾವ ಎಂದೇ ಕರೆಯುತ್ತಿದ್ದ.

“ತಂತಿ ತಾನ ತಾನಾಗಿ ಸಡಲ ಆಗಂಗಿಲ್ಲ,” ಎಂದರು ಗೌಡರು, ರುಮಾಲಿನ ಮುಳ್ಳು ಕೀಳುತ್ತ. “ಯಾರೋ ಮಾಡ್ಯಾರ.”

ಲಿಂಗಸುಗೂರಿನಲ್ಲಿ ಪೀರ್‌ಸಾಬ್ ಎಂಬ ಮೇಸ್ತ್ರಿ ಇದ್ದ. ಬೇವಿನ ಗಿಡದ ಕೆಳಗೆ ಅವನ ಕಾರಖಾನೆ. ಅವನದೂ ಒಂದು ನೇಮ: ಕೊಳಕು ಗಾಡಿ ಮುಟ್ಟುವವನಲ್ಲ. ಗಾಡಿ ಬಂದೊಡನೆ ಚಿಮಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ, ಡಬ್ಬಿ ತಂದು, ಮೂಗಿನಿಂದ ಬಾಲದವರೆಗೆ ಕಬ್ಬಿಣವೆಂಬುದನ್ನೆಲ್ಲ ತೊಳೆದು, ಅರಿವೆಯಿಂದ ಒರೆಸಿ, ಆಮೇಲೆ ರೋಗ ಕೇಳುತ್ತಿದ್ದ. ಗೌಡರ ಟ್ರೇಲರನ್ನೂ ಹಾಗೆಯೇ ತೊಳೆದ. ಅಮರಗುಂಡಪ್ಪನಿಗೆ ಬ್ರೇಕು ತುಳಿಯಲು ಹೇಳಿದ. ಕೆಂಪು ದೀಪ ಹತ್ತಿತು, ಗಾಲಿ ಬಿಗಿಯಿತು. ಏಳು ಸಲ ತುಳಿಸಿದ, ಏಳು ಸಲವೂ ಹಾಗೆಯೇ.

“ಬಿಲ್‌ಕುಲ್ ಠೀಕ್ ಐತ್ರಿ ಗೌಡ್ರ. ಇದಕ್ಕೇನೂ ಆಗಿಲ್ಲ.”

“ಏನೂ ಆಗಿಲ್ಲ ಅಂದ್ರ ನಾ ಹಳ್ಳದಾಗ ಯಾಕ ಕುಂತಿದ್ದೆ?”

“ಅದು ನಿಮಗ ಗೊತ್ತಿರಬೇಕ್ರಿ.”

ಮನೆಯವರೆಗೂ ಬ್ರೇಕು ಹೇಳಿದ ಮಾತು ಕೇಳಿತು. ಎರಡು ದಿನ ಬಿಟ್ಟು ಗೊರೇಬಾಳಕ್ಕೆ ಹೊರಟರೆ ಮತ್ತೆ ಅದೇ ಹಳ್ಳ, ಅದೇ ಆದೆಮ್ಮ. ಮತ್ತೆ ಲಿಂಗಸುಗೂರು, ಮತ್ತೆ ಚಿಮಣಿ ಎಣ್ಣೆ, ಮತ್ತೆ ‘ಠೀಕ್ ಐತಿ’. ಮೂರು ಸಲ ಹೀಗಾಯಿತು. ಮೂರನೆಯ ಸಲ ಪೀರ್‌ಸಾಬ್ ತಂತಿಯನ್ನೇ ಬದಲಿಸಿ ಹೊಸದು ಹಾಕಿದ. ಹೊಸ ತಂತಿಯೂ ಮಸ್ಕಿಯಲ್ಲಿ ಒಂದು ರಾತ್ರಿ ಕಳೆದು ಹಳೆಯದರ ಚಾಳಿ ಕಲಿತಿತ್ತು.

ಈಗ ಗೌಡರ ತಲೆ ಓಡಿತು. ಲಿಂಗಸುಗೂರಿನಲ್ಲಿ ಸರಿ, ದಾರಿಯಲ್ಲಿ ಸರಿ, ಮನೆಗೆ ಬರುವಾಗಲೂ ಸರಿ, ಮನೆಯಿಂದ ಹೊರಡುವಾಗ ಮಾತ್ರ ಕೆಟ್ಟಿರುತ್ತದೆ. ಅಂದರೆ ಗುನ್ಹೆ ನಡೆಯುವುದು ಮನೆಯಲ್ಲಿ. ಇಲ್ಲಿಯವರೆಗೆ ಗೌಡರ ಲೆಕ್ಕ ಪಕ್ಕಾ ಇತ್ತೆಂದು ಯಾರೇ ಆದರೂ ಒಪ್ಪಬೇಕು. ಘೋಷಣೆ ಹುಟ್ಟಿದ್ದು ಹೀಗೆ.

ಮೊದಲ ದಿನ ಶಕ್ ಬಿದ್ದದ್ದು ಎದುರುಮನೆಯ ಜಂಬಣ್ಣನ ಮೇಲೆ. ಅವನು ತನ್ನ ಕಟ್ಟೆಯ ಮೇಲೆ ಕುಳಿತು ತಂಬಾಕು ತಿಕ್ಕುತ್ತ, ಗೌಡರು ಹೊರಟಾಗಲೆಲ್ಲ “ಇವತ್ತೂ ಹಳ್ಳಕ್ಕೇನ್ರಿ ಗೌಡ್ರ?” ಎಂದು ಕೇಳುತ್ತಿದ್ದ. ಮುಂಚೆಯೇ ಗೊತ್ತಿದ್ದವನ ಹಾಗೆ. ಗೌಡರು ಹಿತ್ತಲ ಚಪ್ಪರಕ್ಕೆ ತಟ್ಟಿಯ ಬಾಗಿಲು ಮಾಡಿಸಿ, ಜೀಪು ಟ್ರೇಲರು ಎರಡನ್ನೂ ಒಳಗೆ ನಿಲ್ಲಿಸಿ, ಅಂಗೈ ಅಗಲದ ಬೀಗ ಜಡಿದು, ಬೀಗದ ಕೈಯನ್ನು ತಮ್ಮ ಉಡಿದಾರಕ್ಕೆ ಕಟ್ಟಿಕೊಂಡರು. ಲೋಕದಲ್ಲಿ ಆ ಬೀಗ ತೆಗೆಯಬಲ್ಲವರು ಈಗ ಒಬ್ಬರೇ. ಮರುದಿನ ಬೆಳಗ್ಗೆ ಗೌಡರು ಎದ್ದರು, ಪ್ರಯಾಣದ ದಿನ ಮಾಡುವುದನ್ನೆಲ್ಲ ಮಾಡಿದರು, ಜಳಕ ಮಾಡಿ ಲಿಂಗಪೂಜೆ ಮುಗಿಸಿ ಜೀಪು ಹತ್ತಿದರು. ಓಣಿಯ ತಿರುವಿನಲ್ಲೇ ಟ್ರೇಲರು ಜೀಪನ್ನು ನೂಕಿ ಜಂಬಣ್ಣನ ಸೊಪ್ಪೆಯ ಬಣವೆಯೊಳಗೆ ಹೊಗಿಸಿತು.

“ಗೌಡ್ರ, ಬೇಕಾಗಿದ್ರ ಕೇಳಬಾರದೇನ್ರಿ? ಎರಡು ಸಿವುಡು ನಾನ ಕೊಡ್ತಿದ್ದೆ,” ಎಂದ ಜಂಬಣ್ಣ.

ಸೊಪ್ಪೆಯೊಳಗಿನಿಂದ ಗೌಡರ ದನಿ ಬಂತು. “ಬಣವಿ ಸರಿಯಾಗಿ ಇಲ್ಲೇ ಯಾಕ ಒಟ್ಟಿದಿ, ಅದನ್ನ ಹೇಳು ಮೊದಲು.”

“ನಮ್ಮಪ್ಪನ ಕಾಲದಿಂದ ಇಲ್ಲೇ ಒಟ್ಟಾಕತ್ತೀವ್ರಿ.”

ಎರಡನೆಯ ದಿನ ಗೌಡರು ತಮ್ಮ ಬುದ್ಧಿಯ ಮಹಾಸ್ತ್ರ ಹೊರತೆಗೆದರು. ಮರುದಿನ ಮತ್ತೆ ಗೊರೇಬಾಳಕ್ಕೆ ಹೊರಡುವುದೆಂದು ಹೇಳಿ, ಸಂಜೆ ಒಲೆಯ ಬೂದಿಯನ್ನೆಲ್ಲ ಜರಡಿ ಹಿಡಿದು, ಟ್ರೇಲರಿನ ಸುತ್ತ ನಾಲ್ಕು ಬೆರಳು ದಪ್ಪ ಹರವಿದರು. ಕಳ್ಳ ಬಂದರೆ ಕಾಲು ಮೂಡಲೇಬೇಕು. ಬೀಗ ಹಾಕಿದರು, ಮೂರು ಸಲ ಜಗ್ಗಿ ನೋಡಿದರು, ಮಲಗಿದರು. ನಸುಕಿನಲ್ಲಿ ಎದ್ದು ಎಂದಿನ ಕೆಲಸ ಎಂದಿನಂತೆ ಮುಗಿಸಿ, ಕೈ ತೊಳೆದು, ಜಳಕ ಮಾಡಿ, ಲಿಂಗಪೂಜೆಗೆ ಕುಳಿತರು. ಮುಖ ತೊಳೆದದ್ದನ್ನು ಯಾರಾದರೂ ನೆನಪಿನಲ್ಲಿ ಇಟ್ಟುಕೊಳ್ಳುತ್ತಾರೆಯೇ? ಪೂಜೆ ಮುಗಿದ ಮೇಲೆ ಜಂಬಣ್ಣನನ್ನು ಸಾಕ್ಷಿಗೆ ಕರೆದು, ಮನೆಮಂದಿಯನ್ನೆಲ್ಲ ನಿಲ್ಲಿಸಿ, ಬೀಗ ತೆಗೆದರು.

ಬೂದಿಯಲ್ಲಿ ಹೆಜ್ಜೆ ಮೂಡಿತ್ತು. ಬಾಗಿಲಿನಿಂದ ನೇರ ಕೊಂಡಿಯವರೆಗೆ ಹೋಗಿ, ಅಲ್ಲಿ ಕುಕ್ಕುರುಗಾಲಲ್ಲಿ ಕುಳಿತು, ಹೊಳ್ಳಿ ಬಂದ ಹೆಜ್ಜೆ.

ಗೌಡರ ಎದೆ ಉಬ್ಬಿತು. “ನೋಡ್ರಿ. ಬೀಗ ಹಾಕಿದ್ದು ಹಾಕಿದಂಗ ಐತಿ. ಕಳ್ಳ ಒಳಗ ಬಂದು ಹೋಗ್ಯಾನ. ಅಂದ್ರ ಎರಡನೇ ಕೀಲಿಕೈ ಮಾಡಿಸ್ಯಾನ. ಭಾಳ ಶ್ಯಾಣ್ಯಾ ಅದಾನ.”

ಒಂದು ಜೋಳದ ದಂಟು ತಂದು ಹೆಜ್ಜೆಯ ಉದ್ದಕ್ಕೆ ಸರಿಯಾಗಿ ಮುರಿದರು. ಆಮೇಲೆ ಒಬ್ಬೊಬ್ಬರ ಪಾದವನ್ನೂ ಎತ್ತಿಸಿ ಅಳೆದರು. ಗ್ಯಾನಮ್ಮನ ಪಾದ ಎರಡು ಬೆರಳು ಕಡಿಮೆ. ಕಸ್ತೂರೆಮ್ಮನದು ಮೂರು ಬೆರಳು ಕಡಿಮೆ. ಜಂಬಣ್ಣ ಹಿಮ್ಮಡಿ ಎತ್ತಿ, ಬೆರಳು ಮಡಚಿ, ಕಾಲನ್ನು ಸಣ್ಣದು ಮಾಡಲು ಹೆಣಗಿದ. ಆದರೂ ಅರ್ಧ ಬೆರಳು ಹೆಚ್ಚಾಯಿತು.

“ನಿಮ್ಮ ಕಾಲೂ ಒಂದೀಟು ಇಟ್ಟು ನೋಡ್ರಿ,” ಎಂದರು ಕಸ್ತೂರೆಮ್ಮ. ಅವರ ಕಣ್ಣು ಬೂದಿಯ ಮೇಲೊಮ್ಮೆ ಗಂಡನ ಪಾದದ ಮೇಲೊಮ್ಮೆ ಓಡಾಡುತ್ತಿತ್ತು.

“ತಪಾಸು ಮಾಡೋರ ಕಾಲು ತಪಾಸಿನ್ಯಾಗ ಬರಂಗಿಲ್ಲ,” ಎಂದು ಗೌಡರು ಅಮರಗುಂಡಪ್ಪನ ಕಡೆ ತಿರುಗಿದರು.

ದಂಟು ಅವನ ಪಾದಕ್ಕೆ ಹೇಳಿಮಾಡಿಸಿದ ಹಾಗೆ ಕುಳಿತಿತು. ಕೂಡದೆ ಏನು ಮಾಡೀತು? ಭಾವ ಮೈದುನ ಇಬ್ಬರಿಗೂ ಕೆರ ಹೊಲಿಯುವವನು ಒಂದೇ ಅಳತೆ ಹಿಡಿಯುತ್ತಿದ್ದ. ಅದನ್ನು ಆ ಹೊತ್ತಿನಲ್ಲಿ ಯಾರೂ ನೆನೆಯಲಿಲ್ಲ. ಗೌಡರಿಗೆ ಒಂದೊಂದೇ ಗಂಟು ಬಿಚ್ಚಿಕೊಳ್ಳತೊಡಗಿತು. ಸಿಂಧನೂರಿನ ಕಾಲುವೆ ಕ್ಯಾಂಪಿನಲ್ಲಿ ಲಾರಿ ಓಡಿಸುವವರು ಬೇಕೆಂದು ಗುತ್ತೇದಾರನೊಬ್ಬ ಕೇಳುತ್ತಿದ್ದ. ಅಮರಗುಂಡಪ್ಪ ಅವನ ಜೊತೆ ಚಹಾ ಕುಡಿದದ್ದನ್ನು ಗೌಡರು ತಮ್ಮ ಕಣ್ಣಾರೆ ಕಂಡಿದ್ದರು. ಇಲ್ಲಿನ ಜೀಪು ಮೂಲೆಗೆ ಬಿದ್ದರೆ ಅವನಿಗೆ ಅಲ್ಲಿಗೆ ಹಾದಿ ಸಲೀಸು.

“ಜೀಪಿನ ಕೀಲಿಕೈ ಇಡು. ಹೊಂಡು.”

ಅಮರಗುಂಡಪ್ಪನ ಮುಖ ಸಣ್ಣಗಾಯಿತು. “ಮಾವ, ಹಳ್ಳಕ್ಕ ಬಿದ್ದಾಗ ನಿಮ್ಮ ಬಾಜೂಕ ನಾನೂ ಇದ್ದೆ. ನನ್ನ ಜೀವ ನಾನ ತಗೋತೀನೇನ್ರಿ?”

“ನಿನಗ ಈಜು ಬರ್ತೈತಿ,” ಎಂದರು ಗೌಡರು.

ಅವನು ಕೀಲಿಕೈಯನ್ನು ಹೊಸ್ತಿಲ ಮೇಲಿಟ್ಟು ಹೆಗಲ ಮೇಲೆ ವಲ್ಲಿ ಹಾಕಿಕೊಂಡ. ಅಷ್ಟರಲ್ಲಿ ಒಳಗಿನಿಂದ ಕಸ್ತೂರೆಮ್ಮ ಬಟ್ಟೆಯ ಗಂಟು ಹಿಡಿದು ಬಂದರು. ಒಲೆ ಆರಿಸಿದ್ದರು, ಹಿಟ್ಟಿನ ಕೈ ತೊಳೆದಿದ್ದರು.

“ನೀ ಎಲ್ಲಿಗೆ?” ಎಂದರು ಗೌಡರು.

“ನನ್ನ ತಮ್ಮ ಕಳ್ಳ ಆದ್ರ ನಾ ಕಳ್ಳನ ಅಕ್ಕ. ಶಕ್ ಇದ್ದೋರ ಮನ್ಯಾಗ ಕಳ್ಳರ ಮಂದಿ ಇರಬಾರದು. ಸಂತೆಕಲ್ಲೂರಿಗೆ ಹೋಗ್ತೀನಿ. ನೀವು ನಿಮ್ಮ ಬೂದಿ ಕಾಯಕೋತ ಕುಂಡ್ರಿ.” ಬಾಗಿಲಲ್ಲಿ ಒಮ್ಮೆ ನಿಂತರು. “ಇಪ್ಪತ್ತೆರಡು ವರ್ಷ ಆತು. ಒಂದು ದಿನಾನೂ ನಿಮ್ಮ ಶಕ್ಕನ್ನ ನಾ ಮನಸಿಗೆ ಹಚ್ಚಿಕೊಂಡಿಲ್ಲ. ಇವತ್ತು ಕಾಲು ಅಳದ್ರಿ.”

ತವರಿಗೆ ಹೋದವರನ್ನು ಕರೆತರುವುದು ಬೇರೆ ಮಾತು. ಕಳ್ಳರೆಂದು ಹೇಳಿಸಿಕೊಂಡು ಹೋದವರನ್ನು ಕರೆತರುವುದು ಬೇರೆ. ಕಳ್ಳ ನಿಜವಾಗಿಯೂ ಅಮರಗುಂಡಪ್ಪನೇ ಆಗಿದ್ದರೆ ಕಸ್ತೂರೆಮ್ಮ ಬರುವುದಿಲ್ಲ. ಅಲ್ಲವಾಗಿದ್ದರೆ ಗೌಡರು ಯಾವ ಮುಖ ಹೊತ್ತು ಹೋಗಿ ಕರೆಯಬೇಕು? ಗ್ಯಾನಮ್ಮ ಕೂಡ ಕಸಬರಿಗೆ ಮೂಲೆಗಿಟ್ಟು, “ಕಾಲು ಅಳದ ಮನ್ಯಾಗ ನಾ ಕಸಾ ಹೊಡಿಯಂಗಿಲ್ರಿ,” ಎಂದು ನಡೆದಳು. ಗೌಡರು ಅಂದು ತಾವೇ ಅನ್ನ ಮಾಡಿಕೊಂಡರು. ಕೆಳಗೆ ಹತ್ತಿತ್ತು, ಮೇಲೆ ಬೆಂದಿರಲಿಲ್ಲ. ಮನೆಯಲ್ಲಿ ಶಕ್ ಪಡಲು ಒಂದು ನರಪಿಳ್ಳೆಯೂ ಉಳಿದಿರಲಿಲ್ಲ, ಅದರಿಂದ ಮನಸ್ಸಿಗೆ ಸುಖ ಸಿಗಬೇಕಿತ್ತು, ಸಿಗಲಿಲ್ಲ. ಕಸ್ತೂರೆಮ್ಮ ಇಲ್ಲದ ಮನೆ ಬಿಕೋ ಎನ್ನುತ್ತಿತ್ತು.

ಮೂರನೆಯ ದಿನ ಸಂಜೆಯ ಬಸ್ಸಿಗೆ ಪೀರ್‌ಸಾಬ್ ಬಂದಿಳಿದ. ಒಂದು ಕೈಯಲ್ಲಿ ಚಿಮಣಿ ಎಣ್ಣೆಯ ಡಬ್ಬಿ, ಇನ್ನೊಂದರಲ್ಲಿ ಕಂಬಳ. ಗೌಡರು ಅವನ ಮೇಲೂ ಶಕ್ ಪಟ್ಟು, ‘ಕಳ್ಳನ ಕೂಡ ಮೇಸ್ತ್ರಿಯದೂ ಪಾಲು ಇರಬಹುದು’ ಎಂದು ಬಸ್ಸಿನವರ ಮುಂದೆ ಆಡಿದ್ದರು. ಬಸ್ಸಿನವರು ಅದನ್ನು ಲಿಂಗಸುಗೂರಿಗೆ ಮುಟ್ಟಿಸಿದ್ದರು.

“ಗೌಡ್ರ, ಇಪ್ಪತ್ತು ವರ್ಷ ಮೇಸ್ತ್ರಿಕೀ ಮಾಡೀನಿ, ಒಬ್ಬರೂ ಬೆರಳ ಮಾಡಿ ತೋರಿಸಿಲ್ಲ. ನನ್ನ ಇಜ್ಜತ್ ಪ್ರಶ್ನಿ. ಇವತ್ತು ಗಾಡಿ ಒಳಗ ಮಲಗ್ತೀನಿ. ಯಾರು ಬರ್ತಾರ ನೋಡೇ ಬಿಡ್ತೀನಿ.”

ಟ್ರೇಲರನ್ನು ಚಿಮಣಿ ಎಣ್ಣೆಯಿಂದ ತೊಳೆದು ಒರೆಸಿದ. ಗೌಡರಿಂದಲೇ ಬ್ರೇಕು ತುಳಿಸಿದ. ಕೆಂಪು ದೀಪ ಹತ್ತಿತು, ಗಾಲಿ ಬಿಗಿಯಿತು. ಬೆಳಗ್ಗೆ ತಾನೇ ಜೀಪು ಓಡಿಸಿಕೊಂಡು ಗೊರೇಬಾಳಕ್ಕೆ ಹೋಗುವುದೆಂದು ಮಾತಾಯಿತು. ಪೀರ್‌ಸಾಬ್ ಕಂಬಳ ಹೊದ್ದು ಟ್ರೇಲರಿನೊಳಗೆ ಮಲಗಿದ. ಗೌಡರು ಹೊರಗಿನಿಂದ ಬೀಗ ಹಾಕಿದರು. ಒಳಗಿರುವವನ ಮೇಲೂ ಪೂರ್ತಿ ನಂಬಿಕೆ ಇರಲಿಲ್ಲ.

ನಸುಕು ಹರಿಯಿತು. ಬೀಗ ಸಪ್ಪಳವಿಲ್ಲದೆ ತೆರೆದುಕೊಂಡಿತು. ಬೂದಿಯ ಮೇಲೆ ಹೆಜ್ಜೆ ಸರಿದುಬಂದು ಕೊಂಡಿಯ ಹತ್ತಿರ ಯಾರೋ ಕುಕ್ಕುರುಗಾಲಲ್ಲಿ ಕುಳಿತರು. ಪೀರ್‌ಸಾಬ್ ಕಂಬಳ ಸಮೇತ ಮೇಲಿಂದ ಹಾರಿ ಆ ಮನುಷ್ಯನನ್ನು ಅವುಚಿ ಹಿಡಿದ.

“ಸಿಕ್ಕ! ಗೌಡ್ರ, ಸಿಕ್ಕಾನ್ರಿ, ಲಗೂನ ಬರ್ರಿ. ಕೈ ತುಂಬ ಮಸಿ ಬಳಕೊಂಡಾನ.”

ಕಂಬಳದೊಳಗೆ ಸಿಕ್ಕವರು ಕೊಸರಾಡಿದರು, ಉಸಿರು ಕಟ್ಟಿ ಒದ್ದಾಡಿದರು, ಬಾಯಿ ಮಾತ್ರ ಬಿಡಲಿಲ್ಲ. ಹಚ್ಚುವಾಗ ಮಾತಾಡಿದರೆ ದಸ್ತೂರು ಮುರಿಯುತ್ತದೆ. ಪೀರ್‌ಸಾಬ್ “ಯಾರಲೇ ನೀ, ಹೆಸರು ಹೇಳು,” ಎಂದು ಮತ್ತಷ್ಟು ಬಿಗಿ ಹಿಡಿದು, “ಗೌಡ್ರ, ಗೌಡ್ರ,” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ. ಎದುರುಮನೆಯ ಜಂಬಣ್ಣ ಬಡಿಗೆ ಹಿಡಿದು ಓಡಿಬಂದ. ಕಂಬಳ ಎತ್ತಿ ನೋಡಿ, ಬಡಿಗೆ ಕೆಳಗಿಟ್ಟ.

“ಗೌಡ್ರು ಎಲ್ಲದಾರೋ, ಕರಿಯೋ ಅವರನ್ನ,” ಎಂದ ಪೀರ್‌ಸಾಬ್.

“ನೀ ಹಿಡಕೊಂಡಿದ್ದು ಗೌಡ್ರನ್ನ ಮಾರಾಯ,” ಎಂದ ಜಂಬಣ್ಣ.

ಪೀರ್‌ಸಾಬ್ ಕೈ ಬಿಟ್ಟ. ಗೌಡರು ಎದ್ದು ನಿಂತರು. ಒಂದು ಕೈಯಲ್ಲಿ ಬಿದಿರಿನ ಗೊಟ್ಟ, ಇನ್ನೊಂದು ಕೈ ಮೊಣಕೈವರೆಗೆ ಕಪ್ಪು. ಅರ್ಧ ತುಂಬಿದ ಕೊಂಡಿಯನ್ನು ಪೀರ್‌ಸಾಬ್ ನೋಡಿದ, ಬೆರಳಿಂದ ಮುಟ್ಟಿದ, ಮೂಸಿದ.

“ಇದನ್ನ ದಿನಾ ಹಚ್ತೀರೇನ್ರಿ?”

“ಊರು ಬಿಡೋ ದಿನ ಅಷ್ಟ. ನಮ್ಮ ಮನಿ ದಸ್ತೂರು,” ಎಂದರು ಗೌಡರು. “ಇದಕ್ಕೂ ಬ್ರೇಕಿಗೂ ಏನು ಸಂಬಂಧ?”

ಪೀರ್‌ಸಾಬ್ ಮಣ್ಣಲ್ಲಿ ಕುಳಿತೇಬಿಟ್ಟ. “ಗೌಡ್ರ, ಕರೆಂಟು ಹೋದ್ರ ಸಾಕಾಗಂಗಿಲ್ಲ, ಹೊಳ್ಳಿ ಬರಬೇಕು. ಹೋಗಾಕ ತಂತಿ ಐತಿ. ಬರಾಕ ತಂತಿ ಇಲ್ಲ, ಕಬ್ಬಿಣದ ಮ್ಯಾಲ ಹಾದು ಬರ್ತೈತಿ. ಟ್ರೇಲರಿನ ಗಾಲಿ ರಬ್ಬರು, ನೆಲದ ಮ್ಯಾಲ ಬರಾಕ ಆಗಂಗಿಲ್ಲ. ಅದಕ್ಕಿರೋ ಹಾದಿ ಈ ಕೊಂಡಿ ಒಂದ. ಆ ಹಾದಿಗೆ ನೀವು ಸೇರುಗಟ್ಟಲೆ ಎಣ್ಣಿ ಮೆತ್ತೀರಿ. ಗುಂಡ್ಯಾಗ ಕುಣಿದಾಗ ಕಬ್ಬಿಣಕ್ಕ ಕಬ್ಬಿಣ ತಾಗತೈತಿ, ಬ್ರೇಕ್ ಹಿಡೀತೈತಿ. ಸಾಫ್ ದಾರ್‍ಯಾಗ ಎಣ್ಣಿ ನಡುವ ನಿಂದರ್ತೈತಿ, ಬ್ರೇಕ್ ಇಲ್ಲ. ನಾ ಅಲ್ಲಿ ತೊಳೀತಿದ್ದೆ, ನೀವು ಇಲ್ಲಿ ಹಚ್ತಿದ್ರಿ.”

ಗೌಡರು ನಂಬಲಿಲ್ಲ. ಪೀರ್‌ಸಾಬ್ ಕೊಂಡಿಯನ್ನು ತೊಳೆದು ಬ್ರೇಕು ತುಳಿಸಿದ, ದೀಪ ಹತ್ತಿತು. ಕೀಲೆಣ್ಣೆ ಮೆತ್ತಿ ತುಳಿಸಿದ, ಆರಿತು. ಮತ್ತೆ ತೊಳೆದ, ಹತ್ತಿತು. ಅಷ್ಟು ಹೊತ್ತಿಗೆ ಜಂಬಣ್ಣ ಮೂಲೆಯಲ್ಲಿ ಬಿದ್ದಿದ್ದ ಜೋಳದ ದಂಟು ಹುಡುಕಿ ತಂದು ಗೌಡರ ಮುಂದೆ ಕುಳಿತಿದ್ದ.

“ಒಂದೀಟು ಕಾಲು ಎತ್ರಿ ಗೌಡ್ರ.”

ದಂಟು ಸರಿಯಾಗಿ ಕುಳಿತಿತು. ಗೌಡರಿಗೆ ನಾಚಿಕೆಯಾಯಿತು. ಜಂಬಣ್ಣನ ಮುಂದೆ ಆದದ್ದಕ್ಕಿಂತ ಹೆಚ್ಚಾಗಿ, ‘ನಿನಗ ಈಜು ಬರ್ತೈತಿ’ ಎಂದಾಗ ಅಮರಗುಂಡಪ್ಪನ ಮುಖ ಹೇಗಾಗಿತ್ತೆಂದು ನೆನೆದು ಆಯಿತು.

“ಜೀಪಿನ್ಯಾಗ ಸಂತೆಕಲ್ಲೂರಿಗೆ ಹೋಗೂಣ್ರಿ. ನಾ ಹೊಡಿತೀನಿ. ಈಗ ಬ್ರೇಕ್ ಪಕ್ಕಾ ಐತಿ,” ಎಂದ ಪೀರ್‌ಸಾಬ್.

ಗೌಡರು ಬೇಡವೆಂದರು. ತಪ್ಪು ಒಪ್ಪಿಕೊಳ್ಳಲು ಹೋಗುವವನು ಜೀಪಿನ ಗದ್ದಲ ಮಾಡಿಕೊಂಡು ಹೋಗಬಾರದು. ಹಳೆಯ ಎತ್ತಿನ ಗಾಡಿಯಲ್ಲಿ, ಒಬ್ಬರೇ, ಯಾರ ಕಣ್ಣಿಗೂ ಬೀಳದಂತೆ ಹೋಗಿ, ಮಾವನ ಮನೆಯ ಹಿತ್ತಲ ಬಾಗಿಲಿನಿಂದ ಒಳಹೊಕ್ಕು, ಕಸ್ತೂರೆಮ್ಮನನ್ನು ಮೂಲೆಗೆ ಕರೆದು, ಮೆಲ್ಲಗೆ ಒಂದು ಮಾತು ಹೇಳಿ ಮುಗಿಸುವುದು. ಹೀಗೆಂದು ನಿರ್ಧಾರ ಮಾಡಿದರು. ಜೀಪು ಬಂದಂದಿನಿಂದ ಆರು ತಿಂಗಳು ಮೂಲೆಯಲ್ಲಿ ನಿಂತಿದ್ದ ಗಾಡಿಯನ್ನು ಹೊರಗೆಳೆದರು. ಎತ್ತು ಹೂಡಿದರು. ಅಭ್ಯಾಸಬಲದಿಂದ ಕೈ ಗೊಟ್ಟದ ಕಡೆ ಹೋಯಿತು. ಕೆಂಡ ಮುಟ್ಟಿದವರಂತೆ ಹಿಂದೆಳೆದುಕೊಂಡರು. ಮೂರು ತಲೆಮಾರಿನ ದಸ್ತೂರನ್ನು ಅವತ್ತಿಗೇ ಮುಗಿಸಿಬಿಟ್ಟರು. ಇನ್ನು ಈ ಜನ್ಮದಲ್ಲಿ ಯಾವ ಗಾಡಿಗೂ ಒಂದು ತೊಟ್ಟು ಕೀಲೆಣ್ಣೆ ಹಚ್ಚುವುದಿಲ್ಲ.

ಊರಬಾಗಿಲಿನ ಅಗಸಿ ದಾಟುವಷ್ಟರಲ್ಲಿ ಗಾಡಿ ಚೀರತೊಡಗಿತು. ಆರು ತಿಂಗಳು ಒಣಗಿದ ಅಚ್ಚು. ಮೊದಲು ಸಣ್ಣಗೆ ಕುಂಯ್ ಎಂದಿತು, ಆಮೇಲೆ ದನಿ ತೆಗೆಯಿತು. ಹೊಲದಲ್ಲಿದ್ದವರು ಕೆಲಸ ಬಿಟ್ಟು ನೆಟ್ಟಗೆ ನಿಂತು ನೋಡಿದರು. ನಾಯಿಗಳು ಗಾಡಿಯ ಹಿಂದೆ ಸಾಲುಹಿಡಿದವು. ಎತ್ತುಗಳಿಗೂ ನಾಚಿಕೆಯಾದಂತೆ ಕಂಡಿತು, ತಲೆ ಬಗ್ಗಿಸಿ ನಡೆದವು. ಗೌಡರಿಗೆ ಒಂದು ಕ್ಷಣ, ಇದರ ಹಿಂದೆ ಜಂಬಣ್ಣನ ಕೈ ಇರಬಹುದೇ, ಅಚ್ಚಿನ ಎಣ್ಣೆ ಒರೆಸಿಟ್ಟಿರಬಹುದೇ ಎಂದು ಅನ್ನಿಸಿತು. ತಕ್ಷಣ ತಮ್ಮ ನಾಲಿಗೆ ತಾವೇ ಕಚ್ಚಿಕೊಂಡು ಗಾಡಿ ಹೊಡೆದರು.

ಸಂತೆಕಲ್ಲೂರಿನ ಜನಕ್ಕೆ ಗಾಡಿ ಕಾಣುವ ಮುಂಚೆ ಕೇಳಿಸಿತು. ಗೌಡರು ಊರು ಮುಟ್ಟುವಷ್ಟರಲ್ಲಿ ಕಟ್ಟೆಗಳೆಲ್ಲ ತುಂಬಿದ್ದವು, ಮಾಳಿಗೆಯ ಮೇಲೆ ಹೆಂಗಸರು ನಿಂತಿದ್ದರು. ಹಿತ್ತಲ ಬಾಗಿಲಿಗೆ ಹೋಗುವ ಮಾತು ಎಲ್ಲಿ ಬಂತು? ಅರ್ಧ ಊರು ಗಾಡಿಯ ಹಿಂದೆಯೇ ಬಂದಿತ್ತು. ಮಾವನ ಮನೆಯ ಮುಂಬಾಗಿಲಲ್ಲಿ ಕಸ್ತೂರೆಮ್ಮ ನಿಂತಿದ್ದರು, ಪಕ್ಕದಲ್ಲಿ ಅಮರಗುಂಡಪ್ಪ.

ಗೌಡರು ಗಾಡಿಯಿಂದಿಳಿದರು. ದಾರಿಯುದ್ದಕ್ಕೂ ಪಾಠಮಾಡಿಕೊಂಡು ಬಂದ ಮಾತು ಮರೆತುಹೋಗಿತ್ತು.

“ಅಮರಗುಂಡ,” ಎಂದರು, ಊರೆಲ್ಲ ಕೇಳುವಂತೆ. ಗಾಡಿಯ ಚೀರಾಟಕ್ಕೆ ಅವರ ಕಿವಿ ಗುಂಯ್‌ಗುಡುತ್ತಿದ್ದರಿಂದ ದನಿ ತಾನಾಗಿ ಜೋರಾಗಿತ್ತು. “ಕಳ್ಳ ಸಿಕ್ಕ. ಕಳ್ಳ ನಾನ. ಕೊಂಡಿಗೆ ಕೀಲೆಣ್ಣಿ ಮೆತ್ತಿ ಬ್ರೇಕ್ ಕೆಡಿಸಿದ್ದು ನಾನ. ತಪ್ಪಾತು ನಂದು. ಬಾ ಮನಿಗೆ.” ಆಮೇಲೆ ಹೆಂಡತಿಯ ಕಡೆ ನೋಡಿ ದನಿ ತಗ್ಗಿಸಿದರು. “ಅನ್ನ ಹತ್ತಾಕತ್ತೈತಿ. ನೀ ಇಲ್ಲದ ಮನಿ ಮನಿ ಅನಸವಲ್ಲದು.”

ಅಮರಗುಂಡಪ್ಪ ನಗು ತಡೆಯಲಾರದೆ ವಲ್ಲಿ ಬಾಯಿಗೆ ಒತ್ತಿಕೊಂಡ. ಕಸ್ತೂರೆಮ್ಮ ನಗಲಿಲ್ಲ. ಮೆಟ್ಟಿಲಿಳಿದು ಬಂದರು. ಹೊಗೆಯಾಡುತ್ತಿದ್ದ ಗಾಲಿಯ ನಡುವಿನ ಗುಂಭವನ್ನು ಒಮ್ಮೆ ನೋಡಿದರು.

“ಎಲ್ಲಿ, ಕೈ ತೋರಸ್ರಿ.”

ಗೌಡರು ಎರಡೂ ಕೈ ಮುಂದೆ ಚಾಚಿದರು. ತಿಕ್ಕಿ ತಿಕ್ಕಿ ತೊಳೆದಿದ್ದರು, ಉಗುರಿನ ಸಂದಿಯಲ್ಲೂ ಕಪ್ಪಿರಲಿಲ್ಲ. ಕಸ್ತೂರೆಮ್ಮ ಅವನ್ನು ಹೊರಳಿಸಿ ಮತ್ತೆ ನೋಡಿದರು.

“ಇಷ್ಟು ದಿನದಾಗ ನಿಮ್ಮ ಕೈ ಸ್ವಚ್ಛ ಇರೋದು ಇವತ್ತೊಂದ ದಿನ,” ಎಂದರು. “ಎಣ್ಣಿ ಹಚ್ಚಬೇಕಾಗಿದ್ದೂ ಇವತ್ತೊಂದ ದಿನ.”